ಫೈರ್‌ಫಾಕ್ಸ್ ‘ಅಪ್‌ಡೇಟ್ ಆಗಲಿಲ್ಲ’ ಅಂತ ದಿನಾ ಬೆಳಗ್ಗೆ ಎಚ್ಚರಿಕೆ, ತಲೆ ಕೆಟ್ಟುಹೋಗಿದೆ

ಸಂತೆಪೇಟೆ_ಸೈಬರ್ · 2025 ಜೂನ್ 3, ಬೆಳಗ್ಗೆ 10:12

ಯಾರಾದರೂ ದಾರಿ ತೋರಿಸಿ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಆನ್ ಮಾಡಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಫೈರ್‌ಫಾಕ್ಸ್ ಹೊಸ ಆವೃತ್ತಿಗೆ ಅಪ್‌ಡೇಟ್ ಆಗಲಿಲ್ಲ, ಹೊಸ ಪ್ರತಿ ಡೌನ್‌ಲೋಡ್ ಮಾಡಿಕೊಳ್ಳಿ ಅಂತ ಮೂಲೆಯಲ್ಲಿ ಡಬ್ಬಿ. ಸರಿ ಅಂತ ಡೌನ್‌ಲೋಡ್ ಮಾಡಿ ಹಾಕಿದರೆ ಸಂಜೆಯವರೆಗೆ ಚೆನ್ನಾಗಿ ನಡೆಯುತ್ತದೆ. ಮರುದಿನ ಬೆಳಗ್ಗೆ ಮತ್ತದೇ ಡಬ್ಬಿ. ಬೇತಾಳ ತಿರುಗಿ ಮರ ಹತ್ತಿದ ಹಾಗೆ.

ಮಾರ್ಚ್‌ನಿಂದ ಇದೇ ಗೋಳು. ಜಾಹೀರಾತು ತಡೆಯುವ ಆಡ್‌ಆನ್ ಕೂಡ ಬಂದ್ ಆಗಿದೆ. ಈಗ ಕಾಲೇಜು ಅಡ್ಮಿಷನ್, ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲ ಒಟ್ಟಿಗೆ ಬಂದಿವೆ. ಬೆಂಚಿನ ಮೇಲೆ ಹತ್ತು ಜನ ಕಾಯುತ್ತಿರುವಾಗ ನಾನು ಬ್ರೌಸರ್ ಇನ್‌ಸ್ಟಾಲ್ ಮಾಡುತ್ತಾ ಕೂರಬೇಕಾ?

ಎಲ್ಲಾ ಮಾಡಿ ನೋಡಿದ್ದೇನೆ. ದಯವಿಟ್ಟು ‘ರೀಸ್ಟಾರ್ಟ್ ಮಾಡಿ’ ಅಂತ ಮಾತ್ರ ಹೇಳಬೇಡಿ.

ಬಿಟ್_ಬಸವ · ಜೂನ್ 3, ಬೆಳಗ್ಗೆ 10:31

ಆಂಟಿವೈರಸ್. ಕಣ್ಣು ಮುಚ್ಚಿ ಹೇಳುತ್ತೇನೆ. ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ (ಯಾರನ್ನು ನಂಬಬೇಕು ಅಂತ ಹೇಳುವ ಡಿಜಿಟಲ್ ಗುರುತುಪತ್ರ) ಪಟ್ಟಿ ಇಟ್ಟುಕೊಂಡಿರುತ್ತದೆ. ಆಂಟಿವೈರಸ್ ನಡುವೆ ಕೂತು ಸುರಕ್ಷಿತ ಸಂಪರ್ಕವನ್ನೂ ಬಿಚ್ಚಿ ನೋಡುತ್ತದೆ. ಅಪ್‌ಡೇಟ್ ಸರ್ವರ್‌ನಿಂದ ಬರುವುದನ್ನು ಹಾಗೆ ಬಿಚ್ಚಿದರೆ ಫೈರ್‌ಫಾಕ್ಸ್ ನಂಬುವುದಿಲ್ಲ. ಮೊದಲು ಅದನ್ನು ಕಿತ್ತುಹಾಕಿ, ಆಮೇಲೆ ಮಾತಾಡೋಣ.

ನುಡಿಗಾರ · ಜೂನ್ 3, ಬೆಳಗ್ಗೆ 10:44

‘ಅಪ್‌ಡೇಟ್’ಗೆ ‘ನವೀಕರಣ’ ಎಂಬ ಪದ ಇದೆ. ಕನ್ನಡದ ತಾಣದಲ್ಲಾದರೂ ಬಳಸೋಣ.

ಕರಾವಳಿ_ಕೀಲಿ · ಜೂನ್ 3, ಬೆಳಗ್ಗೆ 10:52

ನವೀಕರಣ ಅಂದರೆ ನಮ್ಮ ಕಡೆ ದೇವಸ್ಥಾನಕ್ಕೆ ಸುಣ್ಣ ಹೊಡೆಯುವುದು ಮಾರಾಯ್ರೆ. ಆತನ ಸಮಸ್ಯೆ ನೋಡಿ ಮೊದಲು.

ಸಂತೆಪೇಟೆಯವರೇ, ವಿಂಡೋಸ್ ಯಾವುದು? ಫೈರ್‌ಫಾಕ್ಸ್ ಎಷ್ಟನೇ ಆವೃತ್ತಿ? 32 ಬಿಟ್ಟಾ, 64 ಬಿಟ್ಟಾ? ಎಚ್ಚರಿಕೆಯ ಸ್ಕ್ರೀನ್‌ಶಾಟ್ ಹಾಕಿ.

ಸಂತೆಪೇಟೆ_ಸೈಬರ್ · ಜೂನ್ 3, ಮಧ್ಯಾಹ್ನ 1:20

ವಿಂಡೋಸ್ ಮಾಮೂಲಿನದು. ಫೈರ್‌ಫಾಕ್ಸ್ ಕನ್ನಡದ್ದು, ಅಂದರೆ ಮೆನು ಎಲ್ಲ ಕನ್ನಡದಲ್ಲಿದೆ. ಸ್ಕ್ರೀನ್‌ಶಾಟ್ ನಿನ್ನೆಯೇ ತೆಗೆದು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ, ಈಗ ನೋಡಿದರೆ ಇಲ್ಲ. ಹುಡುಗ ಅಳಿಸಿರಬೇಕು, ಅವನಿಗೆ ಡೆಸ್ಕ್‌ಟಾಪ್ ಗುಡಿಸುವ ಚಟ. ನಾಳೆ ಬೆಳಗ್ಗೆ ಡಬ್ಬಿ ಬಂದಾಗ ಮೊಬೈಲ್‌ನಲ್ಲಿ ಫೋಟೋ ಹೊಡೆದು ಹಾಕುತ್ತೇನೆ.

ಆಂಟಿವೈರಸ್ ಈಗಲೇ ಅನ್‌ಇನ್‌ಸ್ಟಾಲ್ ಮಾಡಿದೆ.

ಬಿಟ್_ಬಸವ · ಜೂನ್ 3, ಮಧ್ಯಾಹ್ನ 1:24

ಒಳ್ಳೇದು. ನಾಳೆ ಎಚ್ಚರಿಕೆ ಬರುವುದಿಲ್ಲ ನೋಡಿ.

ಸಂತೆಪೇಟೆ_ಸೈಬರ್ · ಜೂನ್ 4, ಬೆಳಗ್ಗೆ 9:48

ಬಂತು. ಫೋಟೋ ಹಾಕಿದ್ದೇನೆ, ಸ್ವಲ್ಪ ಅಡ್ಡ ಬಂದಿದೆ, ಕತ್ತು ವಾಲಿಸಿ ನೋಡಿ.

ಇನ್ನೊಂದು ವಿಚಿತ್ರ. ನಿನ್ನೆ ಕಿತ್ತುಹಾಕಿದ ಆಂಟಿವೈರಸ್ ಇವತ್ತು ಬೆಳಗ್ಗೆ ಮತ್ತೆ ಬಂದು ಕೂತಿದೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ’ ಅನ್ನುತ್ತಿದೆ.

ಬಿಟ್_ಬಸವ · ಜೂನ್ 4, ಬೆಳಗ್ಗೆ 9:55

ನಾನು ಹೇಳಲಿಲ್ಲವಾ! ಕಿತ್ತರೂ ಹೋಗದೆ ತಿರುಗಿ ಬರುತ್ತದೆ ಅಂದರೆ ಅದು ಆಂಟಿವೈರಸ್ ಅಲ್ಲ, ಅದೇ ವೈರಸ್. ಕಂಪನಿಯವರೇ ಕೊಡುವ ಕ್ಲೀನಪ್ ಟೂಲ್ ಇರುತ್ತದೆ. ಸೇಫ್ ಮೋಡ್‌ಗೆ ಹೋಗಿ ಅದರಲ್ಲಿ ತೆಗೆಯಿರಿ. ಆಮೇಲೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಅದರ ಹೆಸರು ಹುಡುಕಿ ಎಲ್ಲ ಅಳಿಸಿ.

ಕರಾವಳಿ_ಕೀಲಿ · ಜೂನ್ 4, ಬೆಳಗ್ಗೆ 10:03

ರಿಜಿಸ್ಟ್ರಿ ಮುಟ್ಟಿಸಬೇಡಿ ಬಸವ ಅವರೇ, ಅಡ್ಮಿಷನ್ ಟೈಮಲ್ಲಿ ಅಂಗಡಿಯೇ ಬಂದ್ ಆದೀತು.

ಫೋಟೋದಲ್ಲಿ 122 ಅಂತ ಕಾಣುತ್ತದೆ. 122 ಬಂದದ್ದು 2024ರ ಜನವರಿಯಲ್ಲಿ. ಈಗ ನಡೆಯುತ್ತಿರುವುದು 139. ಆಡ್‌ಆನ್ ಯಾಕೆ ಬಂದ್ ಆಯಿತು ಅಂತ ಗೊತ್ತಾಯಿತು. ಆಡ್‌ಆನ್‌ಗಳ ಸಹಿ ಪರೀಕ್ಷಿಸುವ ಒಂದು ಮೂಲ ಸರ್ಟಿಫಿಕೇಟಿನ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯಿತು. ಮಾಮೂಲಿ ಸಾಲಿನಲ್ಲಿ 128, ಹಳೆ ಇ.ಎಸ್.ಆರ್ (ದೀರ್ಘಕಾಲ ಬೆಂಬಲ ಸಿಗುವ) ಸಾಲಿನಲ್ಲಿ 115.13, ಅದಕ್ಕಿಂತ ಹಳೆಯದು ಇದ್ದವರಿಗೆಲ್ಲ ಆಡ್‌ಆನ್ ಕೈಕೊಡುತ್ತದೆ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಮೊದಲೇ ಹೇಳಿತ್ತು. ಹಾಗಾಗಿ ಈ ಎಚ್ಚರಿಕೆಯನ್ನು ಸುಮ್ನೆ ಮುಚ್ಚಿ ಮುಂದೆ ಹೋಗುವ ಹಾಗಿಲ್ಲ.

ಆದರೆ ನೀವು ದಿನಾ ಹೊಸದು ಹಾಕುತ್ತೇನೆ ಅನ್ನುತ್ತೀರಿ. ಮತ್ತೆ 122 ಎಲ್ಲಿಂದ ಬಂತು?

ಸಂತೆಪೇಟೆ_ಸೈಬರ್ · ಜೂನ್ 4, ಬೆಳಗ್ಗೆ 10:40

ಅದೇ ಗೊತ್ತಾದರೆ ಇಲ್ಲಿ ಯಾಕೆ ಕೇಳುತ್ತಿದ್ದೆ ಸರ್.

ಡಲ್ಲಾಸ್_ದೋಸೆ · ಜೂನ್ 4, ಬೆಳಗ್ಗೆ 11:15

ಕ್ರೋಮ್ ಹಾಕಿ, ಮುಗೀತು. ನನ್ನದು 64 ಜಿಬಿ ರ್‍ಯಾಮ್, ಮೂರು ಮಾನಿಟರ್, ಎರಡು ಬ್ರೌಸರ್‌ನಲ್ಲಿ ಸೇರಿ ಇನ್ನೂರು ಟ್ಯಾಬ್ ತೆರೆದಿರುತ್ತವೆ. ಒಂದು ದಿನವೂ ಎಚ್ಚರಿಕೆ ನೋಡಿಲ್ಲ.

ಸಂತೆಪೇಟೆ_ಸೈಬರ್ · ಜೂನ್ 4, ಬೆಳಗ್ಗೆ 11:32

ನನ್ನದು 4 ಜಿಬಿ. ನಾಲ್ಕು ಕಂಪ್ಯೂಟರ್ ಸೇರಿಸಿದರೂ ನಿಮ್ಮ ಒಂದರ ಕಾಲು ಭಾಗ. ಕ್ರೋಮ್ ಇದೆ, ಅದೂ ಮೂಲೆಯಲ್ಲಿ ಏನೋ ಬಣ್ಣ ತೋರಿಸುತ್ತಾ ಇರುತ್ತದೆ, ನಾನು ಅದರ ತಂಟೆಗೆ ಹೋಗಿಲ್ಲ.

ಹಳೇ_ಪೆಂಟಿಯಮ್ · ಜೂನ್ 4, ಮಧ್ಯಾಹ್ನ 12:08

ನನ್ನ ಡಿಟಿಪಿ ಅಂಗಡಿಯಲ್ಲಿ ಪೆಂಟಿಯಮ್ 4, ರ್‍ಯಾಮ್ 512 ಎಂಬಿ, ವಿಂಡೋಸ್ ಎಕ್ಸ್‌ಪಿ. ಪೇಜ್‌ಮೇಕರ್ 7, ನುಡಿ ಫಾಂಟು. ಮದುವೆ ಕಾರ್ಡು, ಗೃಹಪ್ರವೇಶ, ಹನ್ನೊಂದನೇ ದಿನದ ಕಾರ್ಡು, ಎಲ್ಲಾ ಅದರಲ್ಲೇ. ನೆಟ್ ತಂತಿಯನ್ನೇ ಹಾಕಿಲ್ಲ. ಅಪ್‌ಡೇಟೂ ಇಲ್ಲ, ಎಚ್ಚರಿಕೆಯೂ ಇಲ್ಲ.

ನುಡಿಗಾರ · ಜೂನ್ 4, ಮಧ್ಯಾಹ್ನ 12:19

ನೀವು ಆ ಹಳೆ ಫಾಂಟಿನಲ್ಲಿ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡ್‌ಗೆ ಬನ್ನಿ ಸ್ವಾಮಿ.

ಹಳೇ_ಪೆಂಟಿಯಮ್ · ಜೂನ್ 4, ಮಧ್ಯಾಹ್ನ 12:25

ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಒತ್ತಕ್ಷರ ಕೂರಿಸಿ ತೋರಿಸಿ, ಬರುತ್ತೇನೆ. ಅಲ್ಲಿಯವರೆಗೆ ನನ್ನ ಗಿರಾಕಿಗೆ ಕಾಗದದ ಮೇಲೆ ‘ಶ್ರೀ’ ಸರಿಯಾಗಿ ಬಂದರೆ ಸಾಕು.

*(ಇಲ್ಲಿಂದ ಹನ್ನೊಂದು ಪ್ರತಿಕ್ರಿಯೆಗಳನ್ನು ‘ನುಡಿ, ಬರಹ, ಯೂನಿಕೋಡ್ ಜಗಳ’ ಎಂಬ ಹಳೆಯ ಚರ್ಚೆಗೆ ಸಾಗಿಸಲಾಗಿದೆ – ನಿರ್ವಾಹಕ)*

ಕರಾವಳಿ_ಕೀಲಿ · ಜೂನ್ 4, ಸಂಜೆ 6:30

ವಿಷಯಕ್ಕೆ ಬರುತ್ತೇನೆ. ಸಂತೆಪೇಟೆಯವರೇ, ವಿಳಾಸ ಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ ಅಬೌಟ್, ಕೋಲನ್, ಸಪೋರ್ಟ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ದೊಡ್ಡ ಪಟ್ಟಿ ಬರುತ್ತದೆ. ಅದರಲ್ಲಿ ಅಪ್‌ಡೇಟ್ ಫೋಲ್ಡರ್ ಅಂತ ಇರುತ್ತದೆ, ಪಕ್ಕದಲ್ಲೇ ತೆರೆಯುವ ಬಟನ್. ಒಳಗೆ ಅಪ್‌ಡೇಟ್ಸ್, ಅದರೊಳಗೆ 0 ಅನ್ನುವ ಫೋಲ್ಡರ್. ಅಲ್ಲಿ ಸ್ಟೇಟಸ್ ಅನ್ನುವ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಫೇಲ್ಡ್ ಅಂತ ಇದ್ದು ಮುಂದೆ ಒಂದು ಸಂಖ್ಯೆ ಇರುತ್ತದೆ. 7 ಅಂದರೆ ಡಿಸ್ಕಿಗೆ ಬರೆಯಲು ಆಗಲಿಲ್ಲ. 9 ಅಂದರೆ ವಿಂಡೋಸ್ ಅನುಮತಿ ಕೇಳಿದಾಗ ಯಾರೋ ಬೇಡ ಅಂದಿದ್ದಾರೆ. 19 ಅಂದರೆ ಸಹಿ ಹೊಂದಲಿಲ್ಲ. ಜೊತೆಗೆ ಕೊನೆಯ ಅಪ್‌ಡೇಟಿನ ಲಾಗ್, ಅಂದರೆ ಏನೇನಾಯಿತು ಅನ್ನುವ ದಾಖಲೆ, ಕೂಡ ಇರುತ್ತದೆ, ಅದರ ತಾರೀಕು ಹೇಳಿ.

ಸಂತೆಪೇಟೆ_ಸೈಬರ್ · ಜೂನ್ 5, ಬೆಳಗ್ಗೆ 10:05

1ನೇದು, 2ನೇದು ಎರಡರಲ್ಲೂ ಆ ಫೋಲ್ಡರ್ ಖಾಲಿ. ಲಾಗ್ ಇದೆ, ತಾರೀಕು 2024ರ ಜನವರಿ. 3ನೇದರಲ್ಲಿ ಮಾತ್ರ ಫೇಲ್ಡ್, 9 ಅಂತ ಬಂತು.

ಕರಾವಳಿ_ಕೀಲಿ · ಜೂನ್ 5, ಬೆಳಗ್ಗೆ 10:11

ಒಂದು ನಿಮಿಷ. ಎಷ್ಟು ಕಂಪ್ಯೂಟರಿನ ಬಗ್ಗೆ ಮಾತಾಡುತ್ತಿದ್ದೇವೆ ನಾವು?

ಸಂತೆಪೇಟೆ_ಸೈಬರ್ · ಜೂನ್ 5, ಬೆಳಗ್ಗೆ 10:14

ನಾಲ್ಕೂ. ಸೈಬರ್ ಅಂದ ಮೇಲೆ ಒಂದೇ ಇರುತ್ತದಾ?

ಬಿಟ್_ಬಸವ · ಜೂನ್ 5, ಬೆಳಗ್ಗೆ 10:20

ಫೋಲ್ಡರ್ ಖಾಲಿ ಅಂದರೆ ಆಂಟಿವೈರಸ್ ಅದರಲ್ಲಿದ್ದ ಫೈಲನ್ನು ಕ್ವಾರಂಟೈನ್ ಮಾಡಿದೆ, ಅಂದರೆ ಬೇರೆ ಕಡೆ ಬಂಧಿಸಿಟ್ಟಿದೆ. ಕ್ವಾರಂಟೈನ್ ಪಟ್ಟಿ ನೋಡಿ.

ಸಂತೆಪೇಟೆ_ಸೈಬರ್ · ಜೂನ್ 5, ಮಧ್ಯಾಹ್ನ 3:50

ನೋಡಿದೆ. ಖಾಲಿ. ಸೇಫ್ ಮೋಡ್‌ಗೆ ಹೋಗಿ ಕ್ಲೀನಪ್ ಟೂಲೂ ಓಡಿಸಿದೆ. ಮುಕ್ಕಾಲು ಗಂಟೆ ಹಾಳು. ಒಬ್ಬರು ಅಜ್ಜಿ ಪಹಣಿ ತೆಗೆಸಲು ಬಂದವರು ಕಾದು ಕಾದು ಎದುರಿನ ಅಂಗಡಿಗೆ ಹೋದರು.

ಸಂತೆಪೇಟೆ_ಸೈಬರ್ · ಜೂನ್ 6, ಬೆಳಗ್ಗೆ 9:41

ಆಂಟಿವೈರಸ್ ಮತ್ತೆ ಬಂದಿದೆ. ಎಚ್ಚರಿಕೆಯೂ ಬಂದಿದೆ. ಜೊತೆಗೆ ಈಗ ಇನ್ನೊಂದು ಡಬ್ಬಿ: ನೀವು ಫೈರ್‌ಫಾಕ್ಸಿನ ಹಳೆಯ ಆವೃತ್ತಿ ತೆರೆದಿದ್ದೀರಿ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಇಲ್ಲವೇ ಹೊರಗೆ ಹೋಗಿ ಅಂತ. ಇದು ಮೊದಲೂ ಆಗಾಗ ಬರುತ್ತಿತ್ತು, ಹುಡುಗ ಹೊಸ ಪ್ರೊಫೈಲ್ ಒತ್ತಿಬಿಡುತ್ತಿದ್ದ. ಬುಕ್‌ಮಾರ್ಕ್ ಎಲ್ಲ ಮಾಯ ಆಗುತ್ತಿದ್ದುದು ಅದಕ್ಕೇ ಅಂತ ಇವತ್ತು ತಿಳಿಯಿತು.

ನಾನು ಈ ಅಂಗಡಿ ಮುಚ್ಚಿ ಮಿರ್ಚಿ-ಗಿರ್ಮಿಟ್ ಗಾಡಿ ಹಾಕುತ್ತೇನೆ. ಬಾಣಲೆಗೆ ಅಪ್‌ಡೇಟ್ ಬೇಕಿಲ್ಲ.

ಕರಾವಳಿ_ಕೀಲಿ · ಜೂನ್ 6, ಬೆಳಗ್ಗೆ 9:58

ನಾನಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಬಿಡುತ್ತಿದ್ದೆ. ನನ್ನದು 2012ರ ಲ್ಯಾಪ್‌ಟಾಪ್ ಮಾರಾಯ್ರೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇನೆ, ರ್‍ಯಾಮ್ 8 ಜಿಬಿ. ಫೈರ್‌ಫಾಕ್ಸ್ ಅಪ್‌ಡೇಟ್ ಉಳಿದೆಲ್ಲ ಪ್ಯಾಕೇಜಿನ ಜೊತೆಗೇ ಬರುತ್ತದೆ. ಬ್ಯಾಟರಿ ಮಾತ್ರ ಇಪ್ಪತ್ತು ನಿಮಿಷ.

ಸಂತೆಪೇಟೆ_ಸೈಬರ್ · ಜೂನ್ 6, ಬೆಳಗ್ಗೆ 10:02

ನಮ್ಮ ಬೆರಳಚ್ಚು ಸಾಧನಕ್ಕೆ ಕೊಟ್ಟಿರುವ ಡ್ರೈವರ್ ವಿಂಡೋಸ್‌ಗೆ ಮಾತ್ರ. ಮಿಂಟ್ ಹಾಕಿದರೆ ಹೆಬ್ಬೆಟ್ಟು ಎಲ್ಲಿ ಒತ್ತಿಸಲಿ?

ಮಲ್ಲಿಗೆ_ಮೌಸ್ · ಜೂನ್ 6, ರಾತ್ರಿ 9:15

ನಮಸ್ಕಾರ. ನಾನು ಮೈಸೂರಿನಲ್ಲಿ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೇಲಿನದನ್ನೆಲ್ಲ ಓದಿದೆ. ಆಂಟಿವೈರಸ್ ವಿಷಯ ಪಕ್ಕಕ್ಕಿಡಿ. ನನಗೆ ಸಿಕ್ಕಿಕೊಂಡದ್ದು ಡೆಸ್ಕ್‌ಟಾಪ್ ಮೇಲಿಂದ ಕಾಣೆಯಾದ ಆ ಸ್ಕ್ರೀನ್‌ಶಾಟ್.

ಸ್ಕ್ರೀನ್‌ಶಾಟ್ ಹೋಯಿತು. ಕಿತ್ತ ಆಂಟಿವೈರಸ್ ಬಂತು. ಹೊಸ ಫೈರ್‌ಫಾಕ್ಸ್ ಹೋಗಿ ಹಳೆಯದು ಬಂತು. ಲಾಗ್ ಒಂದೂವರೆ ವರ್ಷದ ಹಿಂದಿನದು. ಕಂಪ್ಯೂಟರ್ ಪ್ರತಿ ಬೆಳಗ್ಗೆ 2024ರ ಜನವರಿಗೇ ಎದ್ದು ಕೂರುತ್ತಿದೆ. ಟಾಸ್ಕ್‌ಬಾರ್‌ನಲ್ಲಿ ಗಡಿಯಾರದ ಪಕ್ಕ ಒಂದು ಪುಟ್ಟ ಕರಡಿಯ ಚಿತ್ರ ಇದೆಯಾ ನೋಡಿ.

ಸಂತೆಪೇಟೆ_ಸೈಬರ್ · ಜೂನ್ 6, ರಾತ್ರಿ 9:40

ಇದೆ ಮೇಡಂ. 1ನೇದು, 2ನೇದು ಎರಡರಲ್ಲೂ. ಅದು ಫ್ರೀಜ್ ಮಾಡುವ ಸಾಫ್ಟ್‌ವೇರ್ ಅಲ್ವಾ, ಎಲ್ಲಾ ಸೈಬರ್‌ನಲ್ಲೂ ಇರುತ್ತದಲ್ಲ. ಗಿರಾಕಿಗಳು ಇಳಿಸಿದ ಕಸ ರಾತ್ರಿ ತಾನಾಗಿ ಹೋಗುತ್ತದೆ ಅಂತ ಹಾಕಿಸಿದ್ದು. ನಮ್ಮ ಕೆಲಸದ ಫೈಲ್ ಎಲ್ಲ ಡಿ ಡ್ರೈವ್‌ನಲ್ಲೇ ಇಡುತ್ತೇವೆ. ಅದಕ್ಕೂ ಬ್ರೌಸರ್‌ಗೂ ಏನು ಸಂಬಂಧ?

ಕರಾವಳಿ_ಕೀಲಿ · ಜೂನ್ 6, ರಾತ್ರಿ 9:43

ಅಯ್ಯೋ ದೇವರೇ.

ಹಳೇ_ಪೆಂಟಿಯಮ್ · ಜೂನ್ 6, ರಾತ್ರಿ 9:44

ಇದನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತಾ ಸ್ವಾಮಿ!

ಮಲ್ಲಿಗೆ_ಮೌಸ್ · ಜೂನ್ 6, ರಾತ್ರಿ 10:05

ಬಯ್ಯಬೇಡಿ, ನಮ್ಮ ಲ್ಯಾಬಿನಲ್ಲೂ ಮೊದಲ ವರ್ಷ ಇದೇ ಆಗಿತ್ತು.

ನೋಡಿ ಸರ್, ಅದಕ್ಕೆ ಯಾವುದು ಕಸ, ಯಾವುದು ಕಾಳು ಅಂತ ಗೊತ್ತಿರುವುದಿಲ್ಲ. ಫ್ರೀಜ್ ಮಾಡಿದ ದಿನ ಸಿ ಡ್ರೈವ್ ಹೇಗಿತ್ತೋ, ಪ್ರತಿ ಸಲ ಆನ್ ಮಾಡಿದಾಗಲೂ ಹಾಗೇ ತಂದು ನಿಲ್ಲಿಸುತ್ತದೆ. ನೀವು ಹಗಲಲ್ಲಿ ಹಾಕಿದ ಫೈರ್‌ಫಾಕ್ಸ್ ಸಿ ಡ್ರೈವ್‌ನಲ್ಲೇ ಕೂರುತ್ತದೆ. ರಾತ್ರಿ ಶಟ್‌ಡೌನ್, ಬೆಳಗ್ಗೆ ಎಲ್ಲ ವಾಪಸ್. ಯಾವಾಗ ಫ್ರೀಜ್ ಮಾಡಿಸಿದಿರಿ ನೆನಪಿದೆಯಾ?

ಇನ್ನೊಂದು ಪ್ರಶ್ನೆ. ಫೈರ್‌ಫಾಕ್ಸ್ ಪ್ರೊಫೈಲನ್ನು, ಅಂದರೆ ಬುಕ್‌ಮಾರ್ಕ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರನ್ನು, ಯಾರಾದರೂ ಡಿ ಡ್ರೈವ್‌ಗೆ ಸಾಗಿಸಿದ್ದೀರಾ?

ಸಂತೆಪೇಟೆ_ಸೈಬರ್ · ಜೂನ್ 7, ಬೆಳಗ್ಗೆ 8:30

2024ರ ಜನವರಿ ಕೊನೆಯಲ್ಲಿ. ಪ್ರೊಫೈಲ್ ಸಾಗಿಸಿದ್ದು ನಾನೇ. ಬುಕ್‌ಮಾರ್ಕ್ ನಿಲ್ಲುತ್ತಿರಲಿಲ್ಲ, ಈ ಮಾರ್ಚ್‌ನಲ್ಲಿ ಒಂದು ವೀಡಿಯೊ ನೋಡಿ ಡಿಗೆ ಹಾಕಿದೆ, ಆ ಪ್ರೊಫೈಲ್ ತೆರೆಯುವ ಶಾರ್ಟ್‌ಕಟ್ಟನ್ನೂ ಡಿಯಲ್ಲೇ ಇಟ್ಟೆ. ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದೆ ಕೂಡ.

ಮಲ್ಲಿಗೆ_ಮೌಸ್ · ಜೂನ್ 7, ಬೆಳಗ್ಗೆ 8:52

ಅಲ್ಲೇ ಗಂಟು. ಮಾರ್ಚ್‌ಗೆ ಮೊದಲು ಪ್ರೋಗ್ರಾಂ, ಪ್ರೊಫೈಲ್ ಎರಡೂ ಸಿ ಡ್ರೈವ್‌ನಲ್ಲಿದ್ದವು. ಎರಡೂ ಒಟ್ಟಿಗೇ ಹಳೆಯದಾಗುತ್ತಿದ್ದವು, ಜಗಳ ಇರಲಿಲ್ಲ. ಈಗ ಪ್ರೊಫೈಲ್ ಡಿಯಲ್ಲಿದೆ, ಅದಕ್ಕೆ ಎಲ್ಲ ನೆನಪಿರುತ್ತದೆ. ನಿನ್ನೆ 139 ನನ್ನನ್ನು ತೆರೆದಿತ್ತು ಅಂತಲೂ ನೆನಪಿರುತ್ತದೆ, ಅಪ್‌ಡೇಟ್ ಎಷ್ಟು ಸಲ ಸೋತಿತು ಅನ್ನುವ ಲೆಕ್ಕವೂ ಇರುತ್ತದೆ. ಪ್ರೋಗ್ರಾಂ ಮಾತ್ರ ದಿನಾ ಬೆಳಗ್ಗೆ 122. ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೆಯದು ಮುಟ್ಟಬಾರದು ಅಂತ 67ನೇ ಆವೃತ್ತಿಯಿಂದ, ಅಂದರೆ 2019ರ ಮೇ ತಿಂಗಳಿಂದ, ಫೈರ್‌ಫಾಕ್ಸ್ ತಡೆ ಹಾಕಿದೆ. ಆ ಎರಡನೇ ಡಬ್ಬಿ ಅದೇ.

ಮಾಡಬೇಕಾದದ್ದು ಇಷ್ಟೇ. ಶಿಫ್ಟ್ ಒತ್ತಿಕೊಂಡು ಕರಡಿಯ ಮೇಲೆ ಡಬಲ್ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಮುಂದಿನ ಬೂಟ್ ಕರಗಿದ ಸ್ಥಿತಿಯಲ್ಲಿ, ಅಂದರೆ ಫ್ರೀಜ್ ಇಲ್ಲದೆ, ಆಗಲಿ ಅಂತ ಆರಿಸಿ. ರೀಸ್ಟಾರ್ಟ್ ಮಾಡಿ. ಕ್ಷಮಿಸಿ, ಆ ಮಾತು ಹೇಳಲೇಬೇಕಾಯಿತು. ಆಮೇಲೆ ಫೈರ್‌ಫಾಕ್ಸ್, ಕ್ರೋಮ್, ವಿಂಡೋಸ್ ಎಲ್ಲ ಅಪ್‌ಡೇಟ್ ಮಾಡಿ, ತೆರೆದು ನೋಡಿ, ಮುಚ್ಚಿ, ಆಮೇಲೆ ಮತ್ತೆ ಫ್ರೀಜ್ ಮಾಡಿ.

ಬಿಟ್_ಬಸವ · ಜೂನ್ 7, ಬೆಳಗ್ಗೆ 9:10

ಒಪ್ಪಿದೆ. ಆದರೆ 3ನೇದರಲ್ಲಿ ಕರಡಿ ಇಲ್ಲವಲ್ಲ. ಅದರಲ್ಲಿ ಆಂಟಿವೈರಸ್ಸೇ.

ಕರಾವಳಿ_ಕೀಲಿ · ಜೂನ್ 7, ಬೆಳಗ್ಗೆ 9:14

3ನೇದರಲ್ಲಿ 9 ಬಂದಿದೆ ಅಂತ ಮೊನ್ನೆಯೇ ಹೇಳಿದ್ದಾರೆ. ಅನುಮತಿ ಡಬ್ಬಿಯಲ್ಲಿ ಯಾರೋ ‘ನೋ’ ಒತ್ತುತ್ತಿದ್ದಾರೆ. ಮೊಜಿಲ್ಲಾ ಮೇಂಟೆನೆನ್ಸ್ ಸರ್ವಿಸ್ ಅಂತ ಒಂದು ಇರುತ್ತದೆ, ಅದು ಇದ್ದರೆ ವಿಂಡೋಸ್ ಪ್ರತಿ ಸಲ ಅನುಮತಿ ಕೇಳುವುದಿಲ್ಲ. ಅದನ್ನು ಯಾರೋ ತೆಗೆದಿರಬೇಕು.

ಸಂತೆಪೇಟೆ_ಸೈಬರ್ · ಜೂನ್ 7, ಬೆಳಗ್ಗೆ 9:50

ಹುಡುಗನನ್ನು ಕೇಳಿದೆ. ‘ನೀವೇ ಹೇಳಿದ್ರಲ್ಲ ಅಣ್ಣ, ಕಂಪ್ಯೂಟರ್ ಏನೇ ಕೇಳಿದರೂ ನೋ ಒತ್ತು ಅಂತ’ ಅಂದ. ಹೌದು, ಹೇಳಿದ್ದೆ. ಕಳೆದ ವರ್ಷ ಯಾವುದೋ ಟೂಲ್‌ಬಾರ್ ಬಂದು ಕೂತಿತ್ತು, ಆಗ. ಮೇಂಟೆನೆನ್ಸ್ ಅಂತ ಇದ್ದದ್ದನ್ನು ತೆಗೆದವನೂ ಅವನೇ. ಸುಮ್ನೆ ಜಾಗ ತಿನ್ನುತ್ತದೆ ಅಂತ.

ಆಡಳಿತ ಖಾತೆಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ, ಸರ್ವಿಸೂ ಬಂತು. 3ನೇದು ಸರಿಹೋಯಿತು.

1, 2ಕ್ಕೆ ಪಾಸ್‌ವರ್ಡ್ ಬೇಕು. ಹಾಕಿಕೊಟ್ಟವನು ಈಗ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಫೋನ್ ಎತ್ತುತ್ತಿಲ್ಲ.

ಡಲ್ಲಾಸ್_ದೋಸೆ · ಜೂನ್ 7, ಬೆಳಗ್ಗೆ 10:30

ಫಾರ್ಮ್ಯಾಟ್ ಹೊಡೆಯಿರಿ. ನನ್ನ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹಾಕಲು ಹತ್ತು ನಿಮಿಷ ಸಾಕು.

ಕರಾವಳಿ_ಕೀಲಿ · ಜೂನ್ 7, ಬೆಳಗ್ಗೆ 10:36

ನಿಮ್ಮ ಎಸ್‌ಎಸ್‌ಡಿ ಅವರ ಅಂಗಡಿಯಲ್ಲಿಲ್ಲ ದೋಸೆಯವರೇ.

ಫಾರ್ಮ್ಯಾಟ್ ಮಾಡುವುದೇ ಆದರೆ ಇನ್ನೊಂದು ಯೋಚಿಸಿ. ವಿಂಡೋಸ್ 10 ಆಗಿದ್ದರೆ ಅದರ ಉಚಿತ ಬೆಂಬಲ ಇದೇ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ. ಅಂದ ಹಾಗೆ ‘ಮಾಮೂಲಿ ವಿಂಡೋಸ್’ ಅಂದರೆ ಯಾವುದು ಅಂತ ನೀವು ಇನ್ನೂ ಹೇಳಿಲ್ಲ.

ಸಂತೆಪೇಟೆ_ಸೈಬರ್ · ಜೂನ್ 7, ಬೆಳಗ್ಗೆ 11:05

ಮೂರು 10. ನಾಲ್ಕನೇದು 7. ಅದಕ್ಕೆ ಹಳೆ ಲೇಸರ್ ಪ್ರಿಂಟರ್ ಇದೆ, ಹೊಸ ವಿಂಡೋಸ್‌ಗೆ ಅದರ ಡ್ರೈವರ್ ಸಿಗುವುದಿಲ್ಲ. ಪ್ರಿಂಟ್ ಮಾತ್ರ ಬಂಗಾರದಂಥದ್ದು.

ಕರಾವಳಿ_ಕೀಲಿ · ಜೂನ್ 7, ಬೆಳಗ್ಗೆ 11:09

ದಿನಕ್ಕೊಂದು ವಿಷಯ ಹೇಳುತ್ತೀರಿ ಮಾರಾಯ್ರೆ, ಧಾರಾವಾಹಿ ಹಾಗೆ.

7ರ ಮೇಲೆ ಫೈರ್‌ಫಾಕ್ಸ್ 115ಕ್ಕೇ ಕೊನೆ, ಅದೂ ಇ.ಎಸ್.ಆರ್ ಸಾಲಿನದು. ಅದಕ್ಕೆ ಭದ್ರತೆಯ ಅಪ್‌ಡೇಟ್ ಇನ್ನೂ ಬರುತ್ತಿದೆ, ಗಡುವನ್ನು ಒಂದೆರಡು ಸಲ ಮುಂದಕ್ಕೆ ಹಾಕಿದ್ದಾರೆ. 139 ಹಾಕಲು ಹೋದರೆ ಅದು ಕೂರುವುದೇ ಇಲ್ಲ. ಕ್ರೋಮ್ ಅಂತೂ 7ನ್ನು 109ಕ್ಕೇ ಕೈಬಿಟ್ಟಿದೆ. ಆ ಯಂತ್ರವನ್ನು ಪ್ರಿಂಟಿಗೆ ಮಾತ್ರ ಇಟ್ಟುಕೊಳ್ಳಿ. ಬ್ಯಾಂಕ್ ಕೆಲಸ, ಆಧಾರ್ ಕೆಲಸ ಅದರಲ್ಲಿ ಬೇಡ.

ಹಳೇ_ಪೆಂಟಿಯಮ್ · ಜೂನ್ 7, ಬೆಳಗ್ಗೆ 11:20

ನಾನು ಹೇಳಿದ್ದೂ ಅದನ್ನೇ. ನೆಟ್ ತಂತಿ ಕಿತ್ತು ಬಿಸಾಕಿ.

ಸಂತೆಪೇಟೆ_ಸೈಬರ್ · ಜೂನ್ 9, ಸಂಜೆ 7:35

ಪಾಸ್‌ವರ್ಡ್ ಸಿಕ್ಕಿತು. ಹುಬ್ಬಳ್ಳಿಯವನು ಕೊನೆಗೆ ಫೋನ್ ಎತ್ತಿ ‘ಅಣ್ಣಾ, ಸಿಪಿಯು ಮೇಲೇ ಚೀಟಿ ಅಂಟಿಸಿದ್ನಲ್ಲ’ ಅಂದ. ನೋಡಿದರೆ ಚೀಟಿ ಎಲ್ಲಿ ಕಾಣಬೇಕು? ಆಯುಧಪೂಜೆಯಲ್ಲಿ ಹಚ್ಚಿದ ಗಂಧ, ದೀಪಾವಳಿಯ ಕುಂಕುಮ, ಅದರ ಮೇಲೆ ಧೂಳು, ಎಲ್ಲಾ ಸೇರಿ ಒಂದು ಪದರ ಆಗಿದೆ. ನನ್ನ ಹೆಂಡತಿ ಒದ್ದೆ ಬಟ್ಟೆ ತಂದು ಮೆತ್ತಗೆ ಒರೆಸಿದಳು. ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು ಕಂಡಿತು. ಆರಂಕಿ. ಕೊನೆಯ ಅಂಕಿ 1 ಅಥವಾ 7, ಕುಂಕುಮ ತಿಂದಿತ್ತು. 7 ಹಾಕಿದೆ, ಆಗಲಿಲ್ಲ. 1 ಹಾಕಿದೆ, ಕರಡಿ ಬಾಗಿಲು ತೆಗೆಯಿತು.

1ನೇದು ಕರಗಿಸಿ ಎಲ್ಲ ಅಪ್‌ಡೇಟ್ ಮಾಡಿದೆ. ವಿಂಡೋಸ್ ಅಪ್‌ಡೇಟ್ ಒಂದೂವರೆ ವರ್ಷದ್ದು ಬಾಕಿ ಇತ್ತು, ನಾಲ್ಕು ಗಂಟೆ ತಗೊಂಡಿತು. ನಡುವೆ ಒಮ್ಮೆ ಕರೆಂಟ್ ಹೋಗಿ ಎದೆ ಧಸಕ್ ಅಂತು, ಯುಪಿಎಸ್ ಕಾಪಾಡಿತು.

ಈಗ ಪ್ರಶ್ನೆ. ಫೈರ್‌ಫಾಕ್ಸ್ ಮತ್ತೆ ಮುಂದಿನ ತಿಂಗಳು ಹೊಸದು ಬಿಡುತ್ತದಲ್ವಾ? ಆಗ ಮತ್ತೆ ಇದೇ ಕಥೆಯಾ?

ಮಲ್ಲಿಗೆ_ಮೌಸ್ · ಜೂನ್ 9, ರಾತ್ರಿ 8:20

ಸುಮಾರು ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ನಾನು ಪ್ರತಿ ಎರಡನೇ ಶನಿವಾರ ಲ್ಯಾಬನ್ನು ಕರಗಿಸಿ, ಎಲ್ಲ ಅಪ್‌ಡೇಟ್ ಮಾಡಿ, ಫ್ರೀಜ್ ಮಾಡಿ ಮನೆಗೆ ಹೋಗುತ್ತೇನೆ. ನಡುವಿನ ದಿನಗಳಲ್ಲಿ ಫೈರ್‌ಫಾಕ್ಸ್ ತಾನಾಗಿ ಪ್ರಯತ್ನಿಸದಂತೆ ಪಾಲಿಸಿ ಫೈಲ್ ಇಟ್ಟಿದ್ದೇನೆ. ಫೈರ್‌ಫಾಕ್ಸ್ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ಡಿಸ್ಟ್ರಿಬ್ಯೂಷನ್ ಅಂತ ಫೋಲ್ಡರ್ ಮಾಡಿ, ಒಳಗೆ ಪಾಲಿಸೀಸ್ ಅನ್ನುವ ಜೇಸನ್ ಫೈಲ್ ಇಟ್ಟು, ಆಪ್ ಅಪ್‌ಡೇಟ್ ನಿಲ್ಲಿಸುವ ಒಂದು ಸಾಲು ಬರೆಯಬೇಕು. ಸಾಲನ್ನು ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ, ಇಲ್ಲಿ ಹಾಕಿದರೆ ಉದ್ಧರಣ ಚಿಹ್ನೆ ಬಾಗಿ ಕೆಟ್ಟುಹೋಗುತ್ತದೆ.

ಬಿಟ್_ಬಸವ · ಜೂನ್ 9, ರಾತ್ರಿ 8:41

ಎಚ್ಚರಿಕೆ ಬಾಯಿ ಮುಚ್ಚಿಸುವುದು ಪರಿಹಾರ ಅಲ್ಲ ಮೇಡಂ. ಅಡ್ಮಿಷನ್ ಗಡಿಬಿಡಿಯಲ್ಲಿ ಇವರು ಎರಡನೇ ಶನಿವಾರ ಮರೆತರೆ? ಮತ್ತೆ ಒಂದೂವರೆ ವರ್ಷ ಹಳೆ ಬ್ರೌಸರ್, ಈ ಸಲ ಡಬ್ಬಿಯೂ ಇಲ್ಲ.

ಮಲ್ಲಿಗೆ_ಮೌಸ್ · ಜೂನ್ 9, ರಾತ್ರಿ 8:55

ಈ ಮಾತು ಸರಿ. ಮರೆಯುವ ಸ್ವಭಾವ ಇದ್ದರೆ ಪಾಲಿಸಿ ಹಾಕಬೇಡಿ, ಡಬ್ಬಿ ಬಯ್ಯಲಿ. ಫ್ರೀಜ್ ಸಾಫ್ಟ್‌ವೇರಿನಲ್ಲೇ ನಿಗದಿತ ಸಮಯಕ್ಕೆ ಕರಗುವ ಏರ್ಪಾಡು ಇರಬಹುದು, ನಿಮ್ಮ ಆವೃತ್ತಿಯಲ್ಲಿ ಇದೆಯಾ ನೋಡಿ.

ನುಡಿಗಾರ · ಜೂನ್ 9, ರಾತ್ರಿ 9:02

‘ಕರಗಿಸು’ ಒಳ್ಳೆಯ ಬಳಕೆ. ಫ್ರೀಜ್‌ಗೆ ‘ಹೆಪ್ಪುಗಟ್ಟಿಸು’ ಅನ್ನಬಹುದಲ್ಲವೇ?

ಹಳೇ_ಪೆಂಟಿಯಮ್ · ಜೂನ್ 9, ರಾತ್ರಿ 9:06

ಹೆಪ್ಪು ಹಾಕುವುದು ಮೊಸರಿಗೆ.

*(ಮೂರು ಪ್ರತಿಕ್ರಿಯೆಗಳನ್ನು ಅಳಿಸಲಾಗಿದೆ – ನಿರ್ವಾಹಕ)*

ಸಂತೆಪೇಟೆ_ಸೈಬರ್ · ಜೂನ್ 12, ಬೆಳಗ್ಗೆ 9:45

ಮೂರು ದಿನದಿಂದ 1ನೇದರಲ್ಲಿ ಎಚ್ಚರಿಕೆ ಇಲ್ಲ. 139 ಹಾಗೇ ನಿಂತಿದೆ, ಆಡ್‌ಆನ್ ಕೂಡ ಎದ್ದಿದೆ. 2ನೇದನ್ನು ಶನಿವಾರ ಮಾಡುತ್ತೇನೆ. ಪಾಲಿಸಿ ಹಾಕಿಲ್ಲ, ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಇಲ್ಲ. ಮೇಡಂ, ಕೀಲಿಯವರೇ, ಉಪಕಾರ ಆಯಿತು. ಬಸವ ಅವರೇ, ನಿಮಗೂ.

ಒಂದು ಸಣ್ಣ ಎಡವಟ್ಟು ಮಾತ್ರ. ಕರಗಿಸಿದ ಹೊತ್ತಿನಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡಿಸಲು ಒಬ್ಬ ಗಿರಾಕಿ ಬಂದಿದ್ದರು. ಹುಡುಗ ಅವರ ಫೋಟೋವನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟು ಮರೆತಿದ್ದಾನೆ, ನಾನು ಹಾಗೇ ಫ್ರೀಜ್ ಮಾಡಿಬಿಟ್ಟೆ. ಈಗ ದಿನಾ ಅಳಿಸುತ್ತೇನೆ. ಬೆಳಗ್ಗೆ ಆನ್ ಮಾಡಿದರೆ ಅವರೇ, ನೀಲಿ ಹಿನ್ನೆಲೆಯಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡು.

ಮಲ್ಲಿಗೆ_ಮೌಸ್ · ಜೂನ್ 12, ಬೆಳಗ್ಗೆ 10:02

ಇನ್ನೆರಡು ದಿನ, ಶನಿವಾರದವರೆಗೆ ಇರಲಿ ಬಿಡಿ ಸರ್.

ಬಿಟ್_ಬಸವ · ಜೂನ್ 12, ಬೆಳಗ್ಗೆ 10:10

ಮತ್ತೆ ಆ ಆಂಟಿವೈರಸ್ ತೆಗೆದಿರಾ ಇಲ್ಲವಾ?